ಬ್ರೇಕ್ ಧರ್ಮಣ್ಣನ ಮರಳಿನ ಮೂಟೆಗಳು

"ಒತ್ತು."

"ಒತ್ತಿದೀನಿ."

"ಹಿಡ್ಕ, ಬುಡ್‌ಬ್ಯಾಡ... ಹ್ಞಾಂ, ಈಗ ಬುಡು."

ಸಕಲೇಶಪುರ ಬಳಿಯ ಆನೇಮಹಲ್‌ನ ಹೆದ್ದಾರಿ ಬದಿಯ ಶೆಡ್ಡಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪಿಕಪ್ ಗಾಡಿಯ ಹಿಂಚಕ್ರದ ಪಕ್ಕ ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿರುವವರು ಧರ್ಮಣ್ಣ. ಸ್ವೆಟರ್ ತೊಟ್ಟು, ತಲೆಗೆ ಟವಲ್ ಸುತ್ತಿ, ಡ್ರೈವರ್ ಸೀಟಿನಲ್ಲಿ ಕೂತು ಬ್ರೇಕ್ ಪೆಡಲ್ ತುಳಿಯುತ್ತಿರುವವರು ಅವರ ಹೆಂಡತಿ ನಯನಾ. ಬ್ರೇಕ್ ಪೈಪಿನೊಳಗೆ ಸೇರಿಕೊಂಡ ಗಾಳಿಯನ್ನು ಹೊರಗೆ ಬಿಡುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಒಬ್ಬರು ಮೇಲೆ ತುಳಿಯಬೇಕು, ಇನ್ನೊಬ್ಬರು ಕೆಳಗೆ ತಿರುಪು ಸಡಿಲಿಸಿ ಬಿಗಿಯಬೇಕು. ಒಂದು ಗುಳ್ಳೆ ಉಳಿದರೂ ಪೆಡಲ್ ಹತ್ತಿಯ ದಿಂಬಿನಂತೆ ಮೆತ್ತಗಾಗುತ್ತದೆ. ನಯನಾ ಆಮೇಲೆ ಶಾಲೆಗೆ ಬಿಸಿಯೂಟದ ಅಡುಗೆಗೆ ಹೋಗಬೇಕಾದ್ದರಿಂದ ಗಾಳಿ ತೆಗೆಯುವ ಕೆಲಸವೆಲ್ಲ ಬೆಳಗಿನ ಜಾವಕ್ಕೇ ಮೀಸಲು.

"ಬೇಗ ಮುಗ್ಸಿ, ಒಲೆ ಮೇಲೆ ಹಾಲಿಟ್ಟು ಬಂದಿದೀನಿ" ಎನ್ನುತ್ತಾರೆ ನಯನಾ.

"ಹಾಲು ಉಕ್ಕಿದ್ರೆ ಒಲೆ ಒರೆಸ್ಬೋದು ಕಣೆ. ಇದ್ರಲ್ಲಿ ಗಾಳಿ ಉಳಿದ್ರೆ ಏನ್ ಒರೆಸ್ತೀಯ?" ಗಾಡಿಯ ಕೆಳಗಿನಿಂದ ಉತ್ತರ ಬರುತ್ತದೆ. ನಯನಾ ಮುಖ ತಿರುಗಿಸಿ ನಗುತ್ತಾರೆ, ಮತ್ತೆ ಪೆಡಲ್ ಒತ್ತುತ್ತಾರೆ.

ಇಲ್ಲಿಂದ ಸ್ವಲ್ಪ ದೂರ ಹೋದರೆ ಹೆದ್ದಾರಿ ಘಾಟಿಗೆ ಇಳಿಯತೊಡಗುತ್ತದೆ. ಇಳಿಯುವ ಮುನ್ನ ಬ್ರೇಕ್ ತೋರಿಸಿಕೊಂಡು ಹೋಗುವವರು, ಹತ್ತಿ ಬಂದು ಸವೆದ ಬ್ರೇಕ್ ಸರಿಮಾಡಿಸಿಕೊಳ್ಳುವವರು, ಹೀಗೆ ದಿನಕ್ಕೆ ಮೂರು ನಾಲ್ಕು ಗಾಡಿಗಳಾದರೂ ಧರ್ಮಣ್ಣನ ಶೆಡ್ಡಿನ ಮುಂದೆ ನಿಲ್ಲುತ್ತವೆ. ನಲವತ್ತೇಳು ವರ್ಷದ ಈ ಮನುಷ್ಯ ಎಂಜಿನ್ ಮುಟ್ಟುವುದಿಲ್ಲ, ಗೇರ್‌ಬಾಕ್ಸ್ ಬಿಚ್ಚುವುದಿಲ್ಲ. ಹಾರ್ನ್ ಕೆಟ್ಟಿದೆ ಎಂದರೆ ಪಕ್ಕದ ಶೆಡ್ಡಿನ ಕಡೆ ಕೈ ತೋರಿಸುತ್ತಾರೆ. ಬ್ರೇಕ್ ಒಂದೇ. ಬಾಳ್ಳುಪೇಟೆಯಿಂದ ಯಸಳೂರಿನವರೆಗೆ ಡ್ರೈವರುಗಳ ಬಾಯಲ್ಲಿ ಅವರ ಹೆಸರೇ ಬ್ರೇಕ್ ಧರ್ಮಣ್ಣ.

ಹಿಂದೆ ಅವರು ಯಸಳೂರು ಕಡೆಯ ಒಂದು ಎಸ್ಟೇಟಿನಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಕಾಫಿ ಹಣ್ಣು ಕೊಯ್ಯುವ ಕಾಲದ ಒಂದು ಬೆಳಿಗ್ಗೆ, ಸಾಲುಮನೆಗಳ ಲೈನಿನಿಂದ ಆಳುಗಳನ್ನು ಟ್ರೇಲರಿನಲ್ಲಿ ಕೂರಿಸಿಕೊಂಡು ಇಳಿಯುವಾಗ ಬ್ರೇಕ್ ಹಿಡಿಯಲಿಲ್ಲ. ಹಿಂದಿನ ದಿನ ಖಾಲಿ ಟ್ರ್ಯಾಕ್ಟರಿನಲ್ಲಿ ನೋಡಿದ್ದಾಗ ಅದೇ ಬ್ರೇಕ್ ಚೆನ್ನಾಗಿಯೇ ಹಿಡಿದಿತ್ತು. ಧರ್ಮಣ್ಣ ಟ್ರ್ಯಾಕ್ಟರನ್ನು ರಸ್ತೆ ಬದಿಯ ಮಣ್ಣಿನ ದರೆಗೆ ಒತ್ತಿ ನಿಲ್ಲಿಸಿದರು. ಹಿಂದೆ ಕೂತವರಿಗೆ ತರಚು ಗಾಯಗಳಷ್ಟೇ ಆದವು. ಅವರ ಬಲ ಮೊಣಕಾಲು ಮಾತ್ರ ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಆಮೇಲೆ ಅವರು ಟ್ರ್ಯಾಕ್ಟರ್ ಹತ್ತಲಿಲ್ಲ. ಎಸ್ಟೇಟಿನ ಗ್ಯಾರೇಜಿನಲ್ಲೇ ಉಳಿದು, ಹಳೆಯ ಜೀಪುಗಳ ಬ್ರೇಕ್ ಬಿಚ್ಚಿ ಕಟ್ಟುತ್ತ, ಕೆಡಿಸುತ್ತ, ಮತ್ತೆ ಕಟ್ಟುತ್ತ ಕಲಿತರು.

ಹಾಗೆ ಹುಟ್ಟಿದ್ದು ಶೆಡ್ಡಿನ ಮೂಲೆಯ ಮರಳಿನ ಮೂಟೆಗಳು. ಬ್ರೇಕ್ ಕೆಲಸ ಮುಗಿದ ಮೇಲೆ ಧರ್ಮಣ್ಣ ಕೀಲಿಕೈ ಕೊಡುವುದಿಲ್ಲ. "ಇದ್ರಲ್ಲಿ ಯಾರ್ಯಾರ್ ಕೂರ್ತೀರಿ?" ಎಂದು ಕೇಳುತ್ತಾರೆ. ಅಪ್ಪ, ಅಮ್ಮ, ಎರಡು ಮಕ್ಕಳು ಎಂದರೆ ಅಷ್ಟು ತೂಕದ ಮೂಟೆಗಳು ಸೀಟಿಗೇರುತ್ತವೆ. "ಇದು ನಿಮ್ಮಪ್ಪಾಜಿ, ಸ್ವಲ್ಪ ಈ ಕಡೆ ಸರೀಲಿ" ಎಂದು ಮೂಟೆ ಸರಿಸುತ್ತಾರೆ. ನೋಡಿದವರು ನಗುತ್ತಾರೆ. ಧರ್ಮಣ್ಣ ನಗುವುದಿಲ್ಲ. ಇಳಿಜಾರಿನಲ್ಲಿ ಮೂರು ಸಲ ಇಳಿಸಿ ನಿಲ್ಲಿಸಿದ ಮೇಲೆಯೇ ಕೀಲಿಕೈ ಮಾಲೀಕರ ಕೈಗೆ.

ಈ ಪದ್ಧತಿಯನ್ನೇ ಬುಡಮೇಲು ಮಾಡಿದ್ದು ಒಂದು ಪುಟ್ಟ ಕೆಂಪು ಕಾರು.

ಕಾರು ನವ್ಯಶ್ರೀಯದು. ಯಸಳೂರು ಹತ್ತಿರ ಮೆಣಸಿನ ಬಳ್ಳಿಯ ನರ್ಸರಿ ನಡೆಸುವ ಇಪ್ಪತ್ತೇಳರ ಹುಡುಗಿ. ವಾರವೆಲ್ಲ ಕೈಗೆ ಮಣ್ಣು, ಭಾನುವಾರ ಕೈಗೆ ಸ್ಟೀರಿಂಗ್. ಆಲೂರು ಕಡೆಯ ಎಸ್ಟೇಟೊಂದರ ಒಳರಸ್ತೆಯಲ್ಲಿ ಒಂದೊಂದೇ ಕಾರು ಬಿಟ್ಟು, ಯಾರು ಬೇಗ ಸುತ್ತು ಮುಗಿಸುತ್ತಾರೆಂದು ನೋಡುವ ಸ್ಪರ್ಧೆಗೆ ಈ ವರ್ಷ ಮೊದಲ ಸಲ ಹೆಸರು ಕೊಟ್ಟಿದ್ದಳು. ಸೆಕೆಂಡ್ ಹ್ಯಾಂಡಿಗೆ ಕೊಂಡ ಕಾರಿಗೆ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ನೋಡಿಕೊಳ್ಳುವ ಎಬಿಎಸ್ ಇಲ್ಲ. ಓಟಕ್ಕೆಂದು ಗಿಡ್ಡ ಸ್ಪ್ರಿಂಗ್ ಹಾಕಿಸಿ ಅದನ್ನು ನೆಲಕ್ಕೆ ತಗ್ಗಿಸಿದ್ದೂ ಆಗಿತ್ತು. ಎಂಜಿನ್ ಏನೋ ಹಾರುತ್ತದೆ, ಆದರೆ ಎರಡು ಸುತ್ತು ಜೋರಾಗಿ ಓಡಿಸಿದರೆ ಬ್ರೇಕ್ ಕಾದು ಪೆಡಲ್ ಕೆಳಗೆ ಹೋಗಿಬಿಡುತ್ತದೆ ಎಂಬುದು ಅವಳ ದೂರು.

ಧರ್ಮಣ್ಣ ಅದೇ ಕಂಪನಿಯ ದೊಡ್ಡ ಕಾರಿನ ಮುಂದಿನ ಬ್ರೇಕ್ ಡಿಸ್ಕ್, ಅದನ್ನು ಅಮುಕಿ ಹಿಡಿಯುವ ಕ್ಯಾಲಿಪರ್ ತರಿಸಿದರು. ಈ ಡಿಸ್ಕಿನ ನಡುವೆ ಗಾಳಿಯಾಡಲು ಸಂದುಗಳಿರುತ್ತವೆ, ಬಿಸಿ ಬೇಗ ಇಳಿಯುತ್ತದೆ. ಹಳೆಯ ಚಕ್ರದೊಳಗೆ ಅದು ಹಿಡಿಸುತ್ತದೋ ಇಲ್ಲವೋ ಎಂದು ಮೊದಲು ರಟ್ಟು ಕತ್ತರಿಸಿ ಇಟ್ಟು ನೋಡಿದರು. ಹಿಡಿಸಿತು. ಹೆಚ್ಚು ಬಿಸಿ ತಡೆಯುವ ಪ್ಯಾಡ್, ಬೇಗ ಕುದಿಯದ ಬ್ರೇಕ್ ಆಯಿಲ್ ಹಾಕಿದರು. ಹಿಂದಿನ ಡ್ರಮ್ಮಿನೊಳಗಿನ ಶೂಗಳು ಸವೆದು ಗಾಜಿನಂತೆ ನುಣುಪಾಗಿದ್ದವು. ಅವಕ್ಕೆ ಘಾಟಿ ಗಾಡಿಗಳಿಗೆ ಹಾಕುವ, ಚೆನ್ನಾಗಿ ಕಚ್ಚುವ ಲೈನಿಂಗ್ ಕೂರಿಸಿದರು. ಬೆಳಗಿನ ಜಾವ ನಯನಾ ತುಳಿದರು, ಧರ್ಮಣ್ಣ ಗಾಳಿ ತೆಗೆದರು.

ಕಾರು ಒಯ್ಯಲು ನವ್ಯಶ್ರೀ ಬಂದಾಗ ಜೊತೆಗೆ ಅವಳ ಅಜ್ಜಿ ಈರಮ್ಮನೂ ಬಂದಿದ್ದರು. ಸಕಲೇಶಪುರದ ಆಸ್ಪತ್ರೆಗೆ ಅಜ್ಜಿಯ ಓಡಾಟವೆಲ್ಲ ಇದೇ ಕಾರಿನಲ್ಲಿ. ಧರ್ಮಣ್ಣ ಅಜ್ಜಿಯ ಲೆಕ್ಕದ ಮೂಟೆ ಎತ್ತಲು ಹೋದರೆ ಈರಮ್ಮ ತಡೆದರು.

"ಮೂಟೆಗೆ ಸೊಂಟ ನೋವು ಗೊತ್ತಾಗ್ತದೇನೋ? ನಾನೇ ಕೂರ್ತೀನಿ ನಡಿ."

ಹಿಂದಿನ ಸೀಟಿನಲ್ಲಿ ಈರಮ್ಮ, ಅವರ ಪಕ್ಕ ಒಂದು ಮೂಟೆ, ಮುಂದೆ ಸ್ಟೀರಿಂಗ್ ಹಿಡಿದು ಧರ್ಮಣ್ಣ. ಕಾರು ಮೂರು ಸಲ ಇಳಿಯಿತು, ಮೂರು ಸಲವೂ ಗೂಟ ಹೊಡೆದಂತೆ ನೆಟ್ಟಗೆ ನಿಂತಿತು. ಅಜ್ಜಿಯ ಬಾಯಲ್ಲಿದ್ದ ಎಲೆ ಅಡಿಕೆ ಕೂಡ ಅಲುಗಲಿಲ್ಲ ಎಂದು ಅವರೇ ಸರ್ಟಿಫಿಕೇಟ್ ಕೊಟ್ಟರು.

ಮಾರನೆಯ ದಿನ ನವ್ಯಶ್ರೀ ಒಬ್ಬಳೇ ಯಸಳೂರಿನಿಂದ ಬರುತ್ತಿದ್ದಳು. ತುಂತುರು ಹನಿದು ರಸ್ತೆ ಒದ್ದೆಯಾಗಿತ್ತು. ಇಳಿಜಾರಿನ ತಿರುವಿನಲ್ಲಿ ದನ ಅಡ್ಡ ಬಂತು. ಬ್ರೇಕ್ ಒತ್ತಿದ್ದೇ ತಡ, ಕಾರಿನ ಹಿಂಭಾಗ ಜಾರಿ ಸುತ್ತು ತಿರುಗಿತು. ಕಾರು ಬಂದ ದಾರಿಗೇ ಮುಖ ಮಾಡಿ, ಬೆನ್ನನ್ನು ಲಂಟಾನ ಪೊದೆಗೆ ಒರಗಿಸಿ ನಿಂತಿತು. ಹುಡುಗಿಗೂ ಏನೂ ಆಗಲಿಲ್ಲ, ದನಕ್ಕೂ ಏನೂ ಆಗಲಿಲ್ಲ. ಅವಳು ಮನೆಗೆ ಹೋಗದೆ ನೇರ ಆನೇಮಹಲ್‌ಗೆ ಬಂದು, ಕಾರನ್ನು ಶೆಡ್ಡಿನ ಮುಂದೆ ನಿಲ್ಲಿಸಿ, ಸ್ಟೂಲಿನ ಮೇಲೆ ಕೂತುಬಿಟ್ಟಳು. ನಯನಾ ಕಾಫಿ ಕೊಟ್ಟರು.

ಸುದ್ದಿ ಸಂಜೆಯೊಳಗೆ ಹೆದ್ದಾರಿಯುದ್ದಕ್ಕೂ ಹಬ್ಬಿತು. ಧರ್ಮ ದೊಡ್ಡ ಬ್ರೇಕ್ ಹಾಕಿ ಕಾರನ್ನೇ ತಿರುಗಿಸಿಬಿಟ್ಟನಂತೆ ಎಂದರು ಕೆಲವರು. ಸಣ್ಣ ಕಾರಿಗೆ ಅಷ್ಟೆಲ್ಲ ಯಾಕೆ ಬೇಕಿತ್ತು ಎಂದರು ಇನ್ನು ಕೆಲವರು. ಎಸ್ಟೇಟ್ ಆಳುಗಳನ್ನು ಸಾಗಿಸುವ ಗಿಡ್ಡಯ್ಯ, ಶೆಡ್ಡಿಗೆ ಬಿಟ್ಟಿದ್ದ ತಮ್ಮ ಜೀಪನ್ನು ಕೆಲಸ ಶುರುವಾಗುವ ಮುಂಚೆಯೇ ವಾಪಸ್ ಒಯ್ದರು. "ಬೇಜಾರ್ ಮಾಡ್ಕಬ್ಯಾಡ ಧರ್ಮ, ನನ್ ಜೀಪಲ್ಲಿ ಹೆಂಗಸ್ರು ಕೂರ್ತಾರೆ" ಎಂದರಂತೆ. ಬೇರೆ ಯಾವ ಮಾತೂ ಧರ್ಮಣ್ಣನಿಗೆ ಅಷ್ಟು ನಾಟಲಿಲ್ಲ. ಜನ ಕೂರುತ್ತಾರೆ ಎಂಬ ಕಾರಣಕ್ಕೇ ಬ್ರೇಕ್ ಕೆಲಸ ಹಿಡಿದ ಮನುಷ್ಯ ಅವರು.

ಹೊಸ ಡಿಸ್ಕ್ ಕಿತ್ತು ಹಳೆಯದನ್ನೇ ಹಾಕಿಬಿಡಿ, ಸ್ಪರ್ಧೆಯೂ ಬೇಡ ಏನೂ ಬೇಡ ಎಂದಳು ನವ್ಯಶ್ರೀ. ಧರ್ಮಣ್ಣ ಒಪ್ಪಲಿಲ್ಲ. ಕಿತ್ತರೆ ಕಾರು ಸರಿಹೋಗಬಹುದು, ತಪ್ಪು ಎಲ್ಲಿತ್ತೆಂದು ಗೊತ್ತಾಗುವುದಿಲ್ಲ. ಗೊತ್ತಾಗದ ತಪ್ಪು ನಾಳೆ ಇನ್ನೊಬ್ಬರ ಗಾಡಿಗೂ ಬರುತ್ತದೆ ಎಂಬುದು ಅವರ ವಾದ. ಮುಂದಿನ ಬ್ರೇಕನ್ನೆಲ್ಲ ಬಿಚ್ಚಿದರು, ನೋಡಿದರು, ಕಟ್ಟಿದರು. ಏನೂ ಸಿಗಲಿಲ್ಲ. ಮರುದಿನ ಮತ್ತೆ ಬಿಚ್ಚಿದರು.

ಕೊನೆಗೆ ದಾರಿ ತೋರಿಸಿದ್ದು ಹುಡುಗಿಯ ಸಿಟ್ಟು. "ನೀವಿದ್ದಾಗ ನೆಟ್ಟಗೆ ನಿಲ್ತು, ಅಜ್ಜಿ ಇದ್ದಾಗ ನೆಟ್ಟಗೆ ನಿಲ್ತು. ನಾನೊಬ್ಳೇ ಇದ್ದಾಗ ಮಾತ್ರ ಯಾಕಣ್ಣ ಹಿಂಗೆ?" ಎಂದಳು ಅವಳು.

ಧರ್ಮಣ್ಣ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. ಇಷ್ಟು ವರ್ಷಗಳಲ್ಲಿ ಅವರು ಒಂದು ಗಾಡಿಯನ್ನೂ ಖಾಲಿ ಪರೀಕ್ಷೆ ಮಾಡಿರಲಿಲ್ಲ. ಖಾಲಿ ಗಾಡಿಯಲ್ಲಿ ಚೆನ್ನಾಗಿ ಹಿಡಿದ ಬ್ರೇಕನ್ನು ನಂಬಿ ಮೊಣಕಾಲು ಕಳೆದುಕೊಂಡ ಮೇಲೆ, ಖಾಲಿ ಗಾಡಿಯ ಸಾಕ್ಷಿಯೇ ಬೇಡ ಎಂದು ತೀರ್ಮಾನಿಸಿದ್ದರು.

ಮಾರನೆಯ ಬೆಳಿಗ್ಗೆ ಹತ್ತಿರದ ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಕೇಳಿಕೊಂಡು, ಅಲ್ಲಿನ ಸ್ಟೋರಿನ ಮುಂದಿನ ನೇರ ಟಾರು ರಸ್ತೆಗೆ ಕಾರು ಒಯ್ದರು. ನಾಲ್ಕೂ ಟೈರುಗಳ ಪಕ್ಕಕ್ಕೆ ಸುಣ್ಣದಲ್ಲಿ ದಪ್ಪ ಗೆರೆ ಎಳೆದರು. ಚಕ್ರ ತಿರುಗುವಾಗ ಗೆರೆ ತಿರುಗುತ್ತದೆ, ಚಕ್ರ ಕಚ್ಚಿ ನಿಂತರೆ ಗೆರೆಯೂ ನಿಲ್ಲುತ್ತದೆ. ಯಾವ ಚಕ್ರ ಮೊದಲು ನಿಲ್ಲುತ್ತದೆ ಎಂದು ಬದಿಯಲ್ಲಿ ನಿಂತವರಿಗೆ ಕಾಣಬೇಕು. ಮೊಮ್ಮಗಳ ಜೊತೆ ಬಂದಿದ್ದ ಈರಮ್ಮ ಅಭ್ಯಾಸದಂತೆ ಹಿಂದಿನ ಬಾಗಿಲು ತೆಗೆದರು.

"ಇವತ್ತು ಬ್ಯಾಡ ಅಜ್ಜಿ" ಎಂದರು ಧರ್ಮಣ್ಣ. "ನೀವು ಕೂತ್ರೆ ಕಾರು ಸುಳ್ಳು ಹೇಳ್ತದೆ."

"ನಾನ್ ಏನಯ್ಯ ಮಾಡ್ದೆ ಅದಕ್ಕೆ?" ಎಂದು ಗೊಣಗಿದರೂ ಅಜ್ಜಿ ರಸ್ತೆ ಬದಿಗೆ ಹೋಗಿ ನಿಂತರು. ಮುಂದಿನ ಚಕ್ರ ನೋಡುವುದು ಧರ್ಮಣ್ಣನ ಪಾಲಿಗೆ, ಹಿಂದಿನ ಚಕ್ರ ಅಜ್ಜಿಯ ಪಾಲಿಗೆ. ನವ್ಯಶ್ರೀ ಒಬ್ಬಳೇ ಕೂತು ನಿಧಾನವಾಗಿ ಬಂದಳು, ಅವರ ಮುಂದೆ ಬ್ರೇಕ್ ಒತ್ತಿದಳು. ಧರ್ಮಣ್ಣನ ಕಣ್ಣೆದುರಿನ ಗೆರೆ ಇನ್ನೂ ಉರುಳುತ್ತಿತ್ತು.

"ಹಿಂದ್ಲದು ಮೊದ್ಲು ನಿಂತ್‌ಬುಡ್ತು ಕಣೋ" ಎಂದರು ಈರಮ್ಮ.

ಮತ್ತೆ ಓಡಿಸಿದರೂ ಅದೇ. ಧರ್ಮಣ್ಣ ಅಲ್ಲೇ ರಸ್ತೆಯ ಮೇಲೆ ಚೀಲ ಹಾಸಿ ಕಾರಿನ ಹಿಂಭಾಗದ ಕೆಳಗೆ ತೂರಿಕೊಂಡರು. ಹಿಂದಿನ ಆಕ್ಸಲಿಗೂ ಕಾರಿನ ಮೈಗೂ ನಡುವೆ ಒಂದು ಸಣ್ಣ ಸ್ಪ್ರಿಂಗ್, ಅದರ ತುದಿಗೆ ಒಂದು ವಾಲ್ವ್. ಹಿಂದೆ ಜನ ಕೂತು ಕಾರು ತಗ್ಗಿದರೆ ವಾಲ್ವ್ ಹೆಚ್ಚು ತೆರೆದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ, ಖಾಲಿಯಿದ್ದರೆ ಕಡಿಮೆ. ಗಿಡ್ಡ ಸ್ಪ್ರಿಂಗ್ ಹಾಕಿಸಿ ಕಾರನ್ನು ತಗ್ಗಿಸಿದ್ದರಿಂದ ಆ ವಾಲ್ವ್ ಸದಾ ತೆರೆದೇ ಇತ್ತು. ಹಿಂದಿನ ಶೂಗಳು ಸವೆದಿದ್ದಷ್ಟು ದಿನ ಇದು ಯಾರಿಗೂ ಗೊತ್ತಾಗಲಿಲ್ಲ. ಕಚ್ಚುವ ಲೈನಿಂಗ್ ಬಂದ ಕೂಡಲೇ ಮೇಲೆ ಭಾರವಿಲ್ಲದ ಹಿಂಚಕ್ರಗಳು ಮೊದಲು ನಿಂತವು, ಕಾರು ಜಾರಿತು.

"ಅಜ್ಜಿ ಇಲ್ದಿದ್ರೂ ಅಜ್ಜಿ ಹಿಂದೆ ಕೂತವ್ರೆ ಅಂತ ಅಂದ್ಕಂಡಿತ್ತು ಕಣ್ರೀ ಅದು" ಎಂದು ಧರ್ಮಣ್ಣ ಈಗ ನಗುತ್ತ ವಿವರಿಸುತ್ತಾರೆ. "ತಪ್ಪು ಡಿಸ್ಕಿಂದಲ್ಲ. ಖಾಲಿ ನೋಡ್ದೆ ಕೊಟ್ಟಿದ್ದು ನಾನು."

ವಾಲ್ವಿನ ಸ್ಪ್ರಿಂಗ್ ಹಿಡಿದಿದ್ದ ಪಟ್ಟಿಯ ತೂತನ್ನು ಅರದಲ್ಲಿ ಉಜ್ಜಿ ಉದ್ದ ಮಾಡಿದರು, ಕಾರಿನ ಈಗಿನ ಎತ್ತರಕ್ಕೆ ಹೊಂದುವಂತೆ ಸ್ವಲ್ಪ ಸರಿಸಿ ಬಿಗಿದರು. ಓಡಿಸಿ ನೋಡಿದರು, ಇನ್ನಷ್ಟು ಸರಿಸಿದರು. ಬಿಸಿಲೇರುವ ಹೊತ್ತಿಗೆ ಮುಂದಿನ ಗೆರೆ ಮೊದಲು ನಿಂತು, ಹಿಂದಿನದು ಅದರ ಬೆನ್ನಿಗೇ ನಿಲ್ಲತೊಡಗಿತು. ರಸ್ತೆಗೆ ನೀರು ಚೆಲ್ಲಿ ನೋಡಿದರು. ಆಗಲೂ ಕಾರಿನ ಬಾಲ ಅಲುಗಲಿಲ್ಲ. ಆದರೂ ಕೆಲಸ ಅರ್ಧವೇ ಆಗಿತ್ತು. ಖಾಲಿಗೆ ಸರಿಮಾಡುವ ಭರದಲ್ಲಿ ಭಾರಕ್ಕೆ ಕಡಿಮೆ ಬಿದ್ದಿರಬಾರದಲ್ಲ.

"ಈಗ ಕೂರ್ಲೇನೋ?" ಎಂದರು ಈರಮ್ಮ.

"ಕೂರಿ ಅಜ್ಜಿ. ಈಗ ನಿಮ್ದೇ ಮಾತು."

ಅಜ್ಜಿ ಕೂತರು, ಪಕ್ಕದಲ್ಲಿ ಮೂಟೆಯೂ ಕೂತಿತು. ಕಾರು ನೆಟ್ಟಗೆ ನಿಂತಿತು.

ಈಗ ಧರ್ಮಣ್ಣನ ಶೆಡ್ಡಿನಲ್ಲಿ ಪ್ರತಿ ಗಾಡಿಗೂ ಎರಡು ಪರೀಕ್ಷೆ. ಮೊದಲು ಖಾಲಿ, ಆಮೇಲೆ ಭಾರ. ನಡೆದದ್ದನ್ನು ಮುಚ್ಚಿಡುವ ಅಭ್ಯಾಸ ಅವರಿಗಿಲ್ಲ. ಕೇಳಿದ ಡ್ರೈವರಿಗೆಲ್ಲ ಆ ವಾಲ್ವನ್ನು ಕೈಯಿಟ್ಟು ತೋರಿಸುತ್ತಾರೆ, ಗಾಡಿ ತಗ್ಗಿಸಿದವರನ್ನು ಅದೊಂದು ನೋಡಿಸಿದ್ರಾ ಎಂದು ಕೇಳುತ್ತಾರೆ. ಗಿಡ್ಡಯ್ಯನ ಜೀಪು ಹದಿನೈದು ದಿನದೊಳಗೆ ತಾನಾಗಿಯೇ ವಾಪಸ್ ಬಂತು. "ನೀನು ತಪ್ಪು ಹುಡುಕೋದು ನೋಡಿ ಬಂದೆ ಮಾರಾಯ. ನಾನು ಜೀಪ್ ಕೊಟ್ಟಿದ್ದ ಆ ಇನ್ನೊಬ್ಬ ಮೆಕ್ಯಾನಿಕ್ ಹುಡುಕೋದೇ ಇಲ್ಲ" ಎಂದರಂತೆ.

ಬೇಡ ಎಂದಿದ್ದ ನವ್ಯಶ್ರೀ ಮನಸ್ಸು ಬದಲಿಸಿ ಸ್ಪರ್ಧೆಗೆ ಹೋದಳು. ಆ ದಿನ ಧರ್ಮಣ್ಣ ಹೋಗಲಿಲ್ಲ. ತುರ್ತಾಗಿ ಘಾಟಿ ಇಳಿಯಬೇಕಿದ್ದ ತರಕಾರಿ ಗಾಡಿಯೊಂದು ಶೆಡ್ಡಿನಲ್ಲಿತ್ತು. ಸೋಮವಾರ ನವ್ಯಶ್ರೀ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ದಾರಿಯಲ್ಲಿ ಶೆಡ್ಡಿನ ಮುಂದೆ ಕಾರು ನಿಲ್ಲಿಸಿ, ಯಾರೋ ತೆಗೆದ ವಿಡಿಯೋ ತೋರಿಸಿದಳು. ಧರ್ಮಣ್ಣ ಕೈ ಒರೆಸಿಕೊಂಡು ಮೊಬೈಲ್ ನೋಡಿದರು. ಕೆಂಪು ಕಾರು ಏರು ಹತ್ತಿ ಬಂತು, ತಿರುವಿಗೆ ಮುಂಚೆ ಹಿಂದಿನ ದೀಪಗಳು ಹೊತ್ತಿಕೊಂಡವು. "ಅಲ್ಲೇ ನಿಲ್ಸಮ್ಮ, ಅದೊಂದು ಚೂರು ಮತ್ತೆ ತೋರ್ಸು" ಎಂದರು. ಅವಳು ತೋರಿಸಿದಳು. ಇನ್ನೊಮ್ಮೆ ಎಂದರು. ಕಾರಿನ ಬಾಲ ಅತ್ತಿತ್ತ ಸರಿಯಲಿಲ್ಲ. ಅಷ್ಟು ನೋಡಿ, ಓಟ ಮುಗಿಯುವ ಮೊದಲೇ ಮೊಬೈಲ್ ವಾಪಸ್ ಕೊಟ್ಟರು.

ಹಿಂದಿನ ಸೀಟಿನಿಂದ ಈರಮ್ಮ ತಲೆ ಹೊರಗೆ ಹಾಕಿದರು. "ಅಲ್ಲ ಕಣೋ, ಹುಡ್ಗಿ ಎಷ್ಟನೇದಾದ್ಲು ಅಂತ ಕೇಳೋದಿಲ್ವಾ?"

"ಓಡ್ಸಿದ್ದು ನಿಮ್ ಮೊಮ್ಮಗ್ಳು, ಅದು ಅವ್ರ ಲೆಕ್ಕ ಅಜ್ಜಿ" ಎಂದರು ಧರ್ಮಣ್ಣ, ತರಕಾರಿ ಗಾಡಿಯ ಕಡೆ ತಿರುಗುತ್ತ. "ನಿಲ್ಸೋದು ನಂದು. ನಿಂತೈತೆ."