ಹೊಕ್ಕುಳಿಗೆ ಮೆತ್ತಿದ ಬೂದಿ

ಕೆಂಕೆರೆ ಕಡೆಯ ಆ ಹಳ್ಳಿಯಲ್ಲಿ ಇಪ್ಪತ್ತು ವರ್ಷಗಳಲ್ಲಿ ಹುಟ್ಟಿದ ಕೂಸುಗಳನ್ನೆಲ್ಲ ಮೊದಲು ಮುಟ್ಟಿದ್ದು ಸೂಲಗಿತ್ತಿ ಓಬಮ್ಮನ ಕೈ. ಹೊಕ್ಕುಳಬಳ್ಳಿ ಕುಯ್ದು, ಅತ್ತೆಯಿಂದ ಕಲಿತಂತೆ, ಸಗಣಿ ಬೆರೆಸಿದ ಬೂದಿ ಮೆತ್ತುತ್ತಿದ್ದಳು. ಕೆಲವು ಕೂಸುಗಳು ಏಳನೆಯ ದಿನಕ್ಕೆ ದವಡೆ ಕಚ್ಚಿ, ಬಿಲ್ಲಿನಂತೆ ಬಾಗಿ ಸಾಯುತ್ತಿದ್ದವು. ಬಾಲಗ್ರಹ ಎಂದು ಊರು ಸುಮ್ಮನಾಗುತ್ತಿತ್ತು.

ಲಕ್ಷ್ಮಕ್ಕನ ಸೊಸೆ ಪುಟ್ಟಗಂಗಮ್ಮನಿಗೆ ಹೀಗೆ ಮೂರು ಹೋದವು. ಮೂರನೆಯದನ್ನು ತೆಂಗಿನ ಬುಡದಲ್ಲಿ ಹೂತು ಬಂದ ದಿನವೇ ಲಕ್ಷ್ಮಕ್ಕ ಕುಡುಗೋಲು ಕಾಯಿಸಿ ಸೊಸೆಯ ಕಿಬ್ಬೊಟ್ಟೆಗೆ ಬರೆ ಎಳೆದಳು. "ಮಕ್ಳನ್ನ ತಿನ್ನೋ ಹೊಟ್ಟೆ ಕಣೇ ಇದು!" ಬಾಣಂತಿಯ ಕೈಕಾಲು ಅದುಮಿ ಹಿಡಿದವಳು ಓಬಮ್ಮನೇ. ಮಾರನೆಯ ದಿನ ಪುಟ್ಟಗಂಗಮ್ಮನನ್ನು ಹೊನ್ನವಳ್ಳಿಯ ತವರಿಗೆ ಅಟ್ಟಿದರು. ವರ್ಷದೊಳಗೆ ಮಗನಿಗೆ ಇನ್ನೊಂದು ಹೆಣ್ಣು ತಂದರು.

ಎಪ್ಪತ್ತಾರನೆಯ ಇಸವಿಯಲ್ಲಿ ಆ ಎರಡನೆಯ ಸೊಸೆಗೆ ತೋಟದಲ್ಲೇ ಹೆರಿಗೆಯಾಯಿತು. ಬೂದಿ ತರುವವರಿರಲಿಲ್ಲ, ಓಬಮ್ಮ ಬಳ್ಳಿಗೆ ದಾರ ಬಿಗಿದು ಹಾಗೇ ಬಿಟ್ಟಳು. ಗಂಡುಕೂಸು ಉಳಿಯಿತು. ಬಂದ ಹೆಣ್ಣಿನ ಕಾಲ್ಗುಣ ಎಂದರು ಎಲ್ಲರೂ. ಓಬಮ್ಮನಿಗೆ ಮಾತ್ರ ಸಮಾಧಾನವಾಗಲಿಲ್ಲ. ಅದೇ ಮನೆ, ಅದೇ ಗಂಡ, ಬೇರೆಯಾಗಿದ್ದು ಏನು? ಕಾಯಿ ಸುಲಿಯುತ್ತ ಒಂದೊಂದೇ ಹೆರಿಗೆ ನೆನೆದಳು. ಬೂದಿ ಮೆತ್ತಿದವೆಲ್ಲ ಸತ್ತಿರಲಿಲ್ಲ. ಆದರೆ ಹಾಗೆ ಸತ್ತವಕ್ಕೆಲ್ಲ ಬೂದಿ ಮೆತ್ತಿದ್ದಳು. ಹುಳಿಯಾರಿಗೆ ಹೋಗಿ ನರ್ಸಮ್ಮನನ್ನು ಕೇಳಿದಳು.

"ಸಗಣೀಲಿ ಧನುರ್ವಾಯು ತರೋ ಕ್ರಿಮಿ ಇರುತ್ತೆ ಕಣಮ್ಮ. ಹೊಕ್ಕುಳಿಂದ ಒಳಕ್ಕೆ ಹೋಗುತ್ತೆ. ಬಳ್ಳಿ ಕುಯ್ಯೋ ಬ್ಲೇಡನ್ನೂ ನೀರಲ್ಲಿ ಕುದಿಸ್ಬೇಕು."

ಬಾಯಿ ಮುಚ್ಚಿಕೊಂಡು ಇದ್ದುಬಿಡಬಹುದಿತ್ತು. ಇನ್ನು ಮುಂದೆ ಬೂದಿ ಹಾಕದಿದ್ದರೆ ಮುಗಿಯಿತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಬರೆ ಹೊತ್ತು ಕೂತವಳೊಬ್ಬಳಿದ್ದಳಲ್ಲ. ಓಬಮ್ಮ ಹೊನ್ನವಳ್ಳಿಗೆ ಹೋದಳು.

ಪುಟ್ಟಗಂಗಮ್ಮ ಕೇಳಿ ಅಳಲಿಲ್ಲ. "ನನ್ ಕರ್ಮ ಅಂದ್ಕೊಂಡಾದ್ರೂ ನಿದ್ದೆ ಬತ್ತಿತ್ತು. ಅದ್ನೂ ಕಿತ್ಕೊಂಡೆ. ಹೋಗು, ಈ ಮಾತ್ನ ನಮ್ಮತ್ತೆ ಮುಂದೆ ಹೇಳು."

ಹೇಳಿದಳು, ಲಕ್ಷ್ಮಕ್ಕನ ಜಗುಲಿಯ ಮುಂದೆ, ನಾಲ್ಕು ಜನರೆದುರು.

"ಹಂಗಾರೆ ಮೂರು ಕೂಸ್ನ ಕೊಂದೋಳು ನೀನೇ!" ಎಂದಳು ಲಕ್ಷ್ಮಕ್ಕ.

"ಹೂಂ ಕಣಕ್ಕ, ನಾನೇ. ಗೊತ್ತಿಲ್ದೆ ಕೊಂದೆ. ನಿಮ್ ಸೊಸೆದು ಏನೂ ತಪ್ಪಿಲ್ಲ. ಕರ್ಕಂಬನ್ನಿ ಅವಳ್ನ."

ಕೊಂದೆ ಎಂದ ಮಾತು ಊರೆಲ್ಲ ಹರಡಿತು. ಸೊಸೆಯದು ತಪ್ಪಿಲ್ಲ ಎಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಓಬಮ್ಮನನ್ನು ಕರೆಯುವುದು ನಿಂತಿತು. ಪಕ್ಕದೂರಿನ ಸೂಲಗಿತ್ತಿ ಬರತೊಡಗಿದಳು, ಅವಳದೂ ಅದೇ ಬೂದಿ. ಎರಡನೆಯ ಸೊಸೆ ಮತ್ತೆ ಹೆರುವಾಗ ಓಬಮ್ಮ ಬಾಗಿಲಿಗೆ ಹೋಗಿ ಬೇಡಿಕೊಂಡಳು, ಆಚೆಗೆ ದಬ್ಬಿದರು. ಏಳನೆಯ ದಿನ ಕೂಸಿನ ದವಡೆ ಕಚ್ಚಿಕೊಂಡಿತು. ಲಕ್ಷ್ಮಕ್ಕ ಓಬಮ್ಮನ ಮನೆಯ ಮುಂದೆ ಮಣ್ಣು ತೂರಿ ಎದೆ ಬಡಿದುಕೊಂಡಳು: "ಇವ್ಳ ಕೆಟ್ಟ ಬಾಯೇ ಕಣ್ರಪ್ಪ ನನ್ ಮೊಮ್ಮಗೂನ ತಿಂದಿದ್ದು!"

ಅದಾಗಿ ಹದಿನೈದು ದಿನಕ್ಕೆ ಕೆಳಗಿನ ಬೀದಿಯ ಮಾರಯ್ಯನ ಮನೆಯಿಂದ ಹೆರಿಗೆ ನೋವಿನ ಕೂಗು ಕೇಳಿತು. ಓಬಮ್ಮ ಎದ್ದು ಹೋಗಿ ಹೊಸ್ತಿಲಾಚೆ ನಿಂತಳು.

"ಬೂದಿ ಹಾಕ್ಬ್ಯಾಡ್ರವ್ವ. ಬ್ಲೇಡ್ನ ನೀರಲ್ಲಿ ಕುದ್ಸಿ."

ಒಳಗಿನಿಂದ ಯಾರೋ ಕಲಗಚ್ಚು ಎರಚಿದರು. ಒದ್ದೆ ಸೀರೆಯಲ್ಲಿ ನಿಂತೇ ಅವಳು ಇನ್ನೊಮ್ಮೆ ಅದನ್ನೇ ಹೇಳಿದಳು.