ಹೊಳೆಗೆ ಬಿಟ್ಟ ಕಿರ್ದಿ

ನನಗೆ ಸಿಟ್ಟು ಬೇಗ ಬರುತ್ತದೆ, ಇಳಿಯುವುದು ತಡ. ಆ ಕೇಸಿನ ಸಿಟ್ಟಂತೂ ಇನ್ನೂ ಇಳಿದಿಲ್ಲ.

ಬ್ಯಾಡಗಿಯಲ್ಲಿ ನಮ್ಮಪ್ಪನದು ಮೆಣಸಿನಕಾಯಿ ದಲಾಲಿ ಅಂಗಡಿ. ಅದರ ಬರವಣಿಗೆಯೆಲ್ಲ ನನ್ನದು. ಮದುವೆಯಾಗಿ ರಾಣೆಬೆನ್ನೂರಿಗೆ ಹೋದಮೇಲೂ ಬಸ್ಸು ಹತ್ತಿ ಬಂದು ಬರೆಯುತ್ತೇನೆ. ದೀಪಾವಳಿಗೆ ಹೊಸ ಕಿರ್ದಿಗೆ, ಅಂದರೆ ದಿನದ ಲೆಕ್ಕದ ಪುಸ್ತಕಕ್ಕೆ, ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುವುದು ನಮ್ಮಲ್ಲಿ ರೂಢಿ. ಪೂಜೆಯಾದದ್ದನ್ನು ರದ್ದಿಗೆ ಹಾಕಲು ಮನಸ್ಸು ಬಂದೀತೇ? ಹಳೆಯ ಕಿರ್ದಿಗಳನ್ನು ಅಪ್ಪ ಹಳದಿ ಬಟ್ಟೆಯಲ್ಲಿ ಸುತ್ತಿ, ಗಳಗನಾಥಕ್ಕೆ ಒಯ್ದು ಹೊಳೆಗೆ ಬಿಡುತ್ತಿದ್ದರು. ಇಂತಿಷ್ಟು ವರ್ಷ ಇಟ್ಟುಕೊಳ್ಳಲೇಬೇಕೆಂಬ ನಿಯಮ ಬಿ.ಕಾಂ. ಓದಿದ ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಆ ತಪ್ಪು ನನ್ನದು, ಒಪ್ಪುತ್ತೇನೆ.

ಆದರೆ ಒಂದು ವರ್ಷದ ಕಾಗದಗಳನ್ನು ಹೊಳೆಗೆ ಬಿಡುವ ಮೊದಲೇ ಹಾವೇರಿಯ ತೆರಿಗೆ ಕಚೇರಿ ಕೇಳಿತ್ತು. ಕಿರ್ದಿ, ರೈತರ ಚೀಟಿ ಎಲ್ಲವನ್ನೂ ರಾಣೆಬೆನ್ನೂರಿನ ಅಂಗಡಿಯಲ್ಲಿ ಎರಡು ದಿನ ನಿಂತು ಝೆರಾಕ್ಸ್ ಮಾಡಿಸಿ, ಒಯ್ದು ಕೊಟ್ಟು, ಸಹಿ ಮಾಡಿದ ರಸೀದಿ ತಂದಿದ್ದೆ. ಕೊಟ್ಟಾಯಿತಲ್ಲ ಎಂದು ಮೂಲ ಪುಸ್ತಕಗಳೂ ಹೊಳೆ ಸೇರಿದವು. ಆಮೇಲೆ ಅಧಿಕಾರಿ ಬದಲಾದರು. ಹೊಸಬರು ಮೂಲ ದಾಖಲೆಗಳನ್ನೇ ಹಾಜರುಪಡಿಸಿ ಎಂದರು. ಪ್ರತಿಗಳು ನಿಮ್ಮಲ್ಲೇ ಇವೆ ಎಂದು ರಸೀದಿ ತೋರಿಸಿದರೆ, ಅದು ತಮಗೆ ಸಂಬಂಧವಿಲ್ಲವಂತೆ. ‘ದಾಖಲೆಗಳನ್ನು ಬಚ್ಚಿಟ್ಟಿದ್ದಾರೆ, ವ್ಯವಹಾರ ಸುಳ್ಳು’ ಎಂದು ಆದೇಶ ಬರೆದೇಬಿಟ್ಟರು. ಅದು ಉಳಿದರೆ ಅಪ್ಪನ ಲೈಸನ್ಸ್ ಹೋಗುತ್ತಿತ್ತು. ಲೈಸನ್ಸಿಗಿಂತ ಹೆಚ್ಚಾಗಿ, ಇಡೀ ಆಯುಷ್ಯ ಆ ಮಾರುಕಟ್ಟೆಯಲ್ಲಿ ತಲೆಯೆತ್ತಿ ನಡೆದ ಮನುಷ್ಯ ಕಳ್ಳನಾಗುತ್ತಿದ್ದ.

ಧಾರವಾಡದ ಕೋರ್ಟಿಗೆ ಹೋದೆವು. ಪ್ರಮಾಣಪತ್ರ ಬರೆಯುವಾಗ ನಮ್ಮ ವಕೀಲರು ಅಪ್ಪನಿಗೆ ಮೆಲ್ಲಗೆ ಹೇಳಿದರು:

“ಸಾವ್ಕಾರ್ರ, ಗೆದ್ದಲ ತಿಂದಾವ ಅಂತ ಬರದ್ಬಿಡೂಣ್ರಿ. ಅದಕ್ಕ ಯಾರೂ ಏನೂ ಅನ್ನೂದಿಲ್ಲ.”

“ನನ್ನ ಕೈಯಾರೆ ಹೊಳಿಗೆ ಬಿಟ್ಟು ಬಂದೇನ್ರಿ,” ಎಂದರು ಅಪ್ಪ. “ಗೆದ್ದಲದ ಮ್ಯಾಲ ಯಾಕ ಹಾಕೂದು? ಖರೇನ ಬರೀರಿ.”

ಖರೆ ಬರೆದದ್ದಕ್ಕೆ ಸಿಕ್ಕಿದ್ದೇನು? ಸಾಕ್ಷ್ಯವನ್ನು ಬೇಕೆಂದೇ ನಾಶ ಮಾಡಿದ್ದೇವೆಂದು ಇವರೇ ಒಪ್ಪಿದ್ದಾರೆ ಎಂದು ಸರ್ಕಾರಿ ವಕೀಲರು ವಾದಿಸಿದರು. ಇಂಗ್ಲಿಷಿನ ಆ ವಾದವನ್ನು ನಮ್ಮ ವಕೀಲರಿಂದ ಕನ್ನಡದಲ್ಲಿ ಕೇಳಿಸಿಕೊಂಡ ಅಪ್ಪ ನೆಲ ನೋಡುತ್ತಾ ಕುಳಿತರು. ನನ್ನ ಮೈಯೆಲ್ಲ ಉರಿಯಿತು. ನಾವು ಕೇಳಿದ್ದು ಒಂದೇ: ನಾವು ಕೊಟ್ಟ ಪ್ರತಿಗಳನ್ನು ಅವರು ತೋರಿಸಲಿ. ನಮ್ಮಿಂದ ಕಾಗದ ಕೇಳುವಾಗ ವಾರದ ಗಡುವು. ತಾವು ತೋರಿಸಬೇಕಾದಾಗ ಹುಡುಕುತ್ತಿದ್ದೇವೆ ಎಂದು ನಾಲ್ಕು ಸಲ ಮುಂದಿನ ತಾರೀಖು! ಕೊನೆಗೆ ನ್ಯಾಯಾಧೀಶರು ರಸೀದಿ ನೋಡಿ, ಆ ಕಾಗದಗಳನ್ನು ಕಚೇರಿಯಲ್ಲೇ ಇವರ ಎದುರು ತೆರೆದು ತೋರಿಸಿ ಎಂದು ಆದೇಶಿಸಿದರು. ಅವು ಸಿಕ್ಕರೆ ಬಚ್ಚಿಟ್ಟ ಆರೋಪ ನಿಲ್ಲುವುದಿಲ್ಲ ಎಂದು ನಮ್ಮ ವಕೀಲರು ಧೈರ್ಯ ಹೇಳಿದರು.

ಹಾವೇರಿಗೆ ಅಪ್ಪನನ್ನು ಕರೆದುಕೊಂಡು ಹೋದೆ. ಗುಮಾಸ್ತರು ಧೂಳು ಹಿಡಿದ ಕಟ್ಟೊಂದನ್ನು ತಂದು ಮೇಜಿನ ಮೇಲಿಟ್ಟರು. ಮೆಣಸಿನಕಾಯಿ ಚೀಲದ ಬಾಯಿ ಕಟ್ಟುವ ಸುತಲಿ, ಅದರ ಮೇಲೆ ನಾನೇ ಹಾಕಿದ ಜೋಡು ಗಂಟು. ಹಾಕಿದ್ದು ಹಾಕಿದಂತೇ ಇತ್ತು. ಇಷ್ಟು ವರ್ಷದಲ್ಲಿ ಒಬ್ಬರೂ ಅದನ್ನು ಬಿಚ್ಚಿರಲಿಲ್ಲ. ಒಂದು ಹಾಳೆಯನ್ನೂ ಓದದೆ ಅಪ್ಪನ ವ್ಯವಹಾರ ಸುಳ್ಳು ಎಂದು ಬರೆದಿದ್ದರು.

ಆ ಆದೇಶ ಬರೆದ ಅಧಿಕಾರಿಯೇ ಗಂಟಿಗೆ ಕೈಹಾಕಿದರು. ಬರಲಿಲ್ಲ.

“ಭಾಳ ಬಿಗಿ ಐತ್ರಿ. ಅಕ್ಕಾರ, ನೀವ ಸ್ವಲ್ಪ ಬಿಚ್ಚಿ ಕೊಡ್ರಿ.”

“ನಾ ಬಿಚ್ಚೂದಿಲ್ರಿ,” ಎಂದೆ. “ಬಿಚ್ಚದನ ನಮ್ಮಪ್ಪನ ಮ್ಯಾಲ ಅಷ್ಟೆಲ್ಲಾ ಬರದೀರಿ. ಈಗರ ನೀವ ಬಿಚ್ಚ್ರಿ.”

ಅವರು ಉಗುರಿನಿಂದ ಕೀಳುತ್ತಾ ಕುಳಿತರು. ಕತ್ತರಿ ನನ್ನ ಚೀಲದಲ್ಲೇ ಇತ್ತು. ಕೊಡಲಿಲ್ಲ.