ಅತ್ತಿಗೆಯ ಹೆಸರಿನಲ್ಲಿ ಹತ್ತು ಗೆರೆ

ರಾಯಚೂರಿನ ಡಾಕ್ಟರು ಹರ್ಪಿಸ್ ಎಂದ ಸೋಮವಾರ ನನ್ನ ದಿನಚರಿಯಲ್ಲಿ ಹೊಸ ಪುಟ ಶುರು ಮಾಡಿದೆ. ನುಂಗಿದ ಮಾತ್ರೆ ಎಷ್ಟು, ಹುಣ್ಣು ಒಣಗಿದ್ದು ಯಾವತ್ತು, ಎಲ್ಲ ಬರೆದಿಟ್ಟೆ. ಗಂಡನಿಂದ ಬಂದ ರೋಗ; ಹುಣ್ಣು ಕಂಡಾಗಲೇ ಅವನು ನನ್ನನ್ನೇ ಅನುಮಾನಿಸಿದ್ದ. ಅದಕ್ಕೇ ನಾರಾಯಣಪೇಟೆಯ ತವರಿಗೆ ಬಂದಿದ್ದೆ. ಇಲ್ಲಿ ಅಣ್ಣ, ಅತ್ತಿಗೆ, ಒಂದು ಮಗ್ಗ. ಅತ್ತಿಗೆಗೆ ಗೊತ್ತಾದರೆ ಮಗ್ಗದ ಹತ್ತಿರ ಸೇರಿಸುವುದಿಲ್ಲ, ಮನೆಯಲ್ಲೂ ಇಟ್ಟುಕೊಳ್ಳುವುದಿಲ್ಲ ಎಂದು ಹೆದರಿ, ಸೊಂಟಕ್ಕೆ ಸರ್ಪಸುತ್ತು ಆಗಿದೆ ಎಂದು ಸುಳ್ಳು ಹೇಳಿದೆ.

“ಸರ್ಪಸುತ್ತಿಗೆ ರಾಯಚೂರು ಯಾಕ? ಮಕ್ತಲ್‌ನಾಗ ಕೆಮ್ಮಣ್ಣು ಹಚ್ಚೋ ಮುದುಕಿ ಅದಾಳಲ್ಲ. ನಿನ್ನ ಹಾವು ಬಸ್ ಹತ್ತೋ ಹಾವೇನು?” ಎಂದರು ಅತ್ತಿಗೆ.

ಅಣ್ಣ ನಕ್ಕ. ನನಗೆ ನಗು ಬರಲಿಲ್ಲ. ಅವತ್ತಿನಿಂದ ಅತ್ತಿಗೆಯ ಮೇಲೆ ಕಣ್ಣಿಟ್ಟೆ. ಅವರಿಗೆ ಗೊತ್ತಾಗಿದೆ ಎಂಬ ಅನುಮಾನ ಬಂದಾಗಲೆಲ್ಲ ದಿನಚರಿಯಲ್ಲಿ ಒಂದು ಗೆರೆ. ಮಂಗಳವಾರ ತಮ್ಮ ಲೋಟ ಬೇರೆ ಗೂಡಿಗೆ ಇಟ್ಟರು. ಬುಧವಾರ ಟವೆಲ್ ಬೇರೆ ಮಾಡಿದರು. ಗುರುವಾರ ನನ್ನ ಜೊತೆ ಮಾತಾಡುವಾಗ ಮೂರು ಸಲ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಶುಕ್ರವಾರ ನನ್ನ ಮಾತ್ರೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಊಟಕ್ಕೂ ನನ್ನ ಪಕ್ಕ ಕೂರಲಿಲ್ಲ. ಗದ್ವಾಲದ ತಮ್ಮ ತವರಿಗೆ ಫೋನ್ ಮಾಡುತ್ತಿದ್ದವರು ನನ್ನನ್ನು ಕಂಡ ಕೂಡಲೇ ಮಾತು ನಿಲ್ಲಿಸಿದರು. ಅದು ಎರಡು ಸಲ. ಒಟ್ಟು ಒಂಬತ್ತು.

ಭಾನುವಾರ ಮಗ್ಗಕ್ಕೆ ಹೊಸ ಹಾಸು, ಉದ್ದ ಎಳೆಗಳ ಕಟ್ಟು, ಬಂತು. ಹಳೆಯ ಹಾಸಿನ ಒಂದೊಂದು ತುದಿಗೂ ಹೊಸ ಎಳೆಯನ್ನು ಹೊಸೆದು ಸೇರಿಸಬೇಕು. ಇಬ್ಬರು ಎದುರುಬದುರು ಕೂತು, ನಾಲಿಗೆಗೆ ಬೆರಳು ತಾಗಿಸಿ ಒದ್ದೆ ಮಾಡಿಕೊಂಡು ಹೊಸೆಯುವುದು ನಮ್ಮ ಮನೆಯ ರೂಢಿ. ಅವತ್ತು ಅತ್ತಿಗೆ ಎರಡು ಬಟ್ಟಲು ನೀರು ತಂದರು. ಒಂದನ್ನು ನನ್ನ ಮುಂದೆ ಇಟ್ಟು, ಇನ್ನೊಂದನ್ನು ತಮ್ಮ ಕಡೆಗೆ ಎಳೆದುಕೊಂಡರು.

“ಇವತ್ತ ಬಾಯಾಗ ಬೆರಳ ಇಡೋದು ಬ್ಯಾಡ.”

ಹತ್ತನೆಯದು. ನಾನು ಎದ್ದು ನಿಂತೆ. “ಯಾಕಂತ ಗೊತ್ತೈತ್ರಿ ನನಗ.”

“ಏನ್ ಗೊತ್ತೈತಿ? ಕೂಡ್ರ.” ಸೆರಗು ತೆಗೆದರು. ತುಟಿಯ ಮೂಲೆಯಲ್ಲಿ ಸಣ್ಣ ಗುಳ್ಳೆಗಳ ಗೊಂಚಲು. “ವರ್ಷಾ ಬ್ಯಾಸಗ್ಯಾಗ ಏಳ್ತಾವ. ನಿಮ್ಮವ್ವ ಹಲ್ಲಿ ನೆಕ್ಕೇತಿ ಅಂತಿದ್ಲು. ದವಾಖಾನ್ಯಾಗ ನಿನಗ ಕೊಟ್ಟ ಗುಳಿಗೀನ ನನಗೂ ಕೊಟ್ಟಾರ ನೋಡು. ನಿನಗ ಹತ್ತಬಾರ್ದು ಅಂತ ದೂರ ಅದೀನಿ. ನೀ ನೋಡಿದ್ರ ನನ್ನ ಕಂಡ್ರ ಮುಖಾ ತಿರುವ್ತಿ. ಅಸಹ್ಯ ಆತೇನು?”

“ನಂದು ತುಟಿಮ್ಯಾಲಲ್ರಿ,” ಎಂದೆ.

ಅತ್ತಿಗೆ ಎಳೆ ಹೊಸೆಯತೊಡಗಿದರು. ಅವರು ಹನ್ನೊಂದು ಎಳೆ ಹೊಸೆಯುವವರೆಗೂ ನಾನು ನಿಂತೇ ಇದ್ದೆ.

“ಹಾವು ಬಸ್ ಹತ್ತಿದ್ದ್ಯಾಕ ಅಂತ ಈಗ ತಿಳೀತು,” ಎಂದರು. “ನಿನ್ನ ಗಂಡಗ ಎಲ್ಲಿಂದ ಬಂತು ಅಂತ ಬರ್ದೀಯಿಲ್ಲ, ದಿನಾ ಬರಿಯೋ ಆ ಪುಸ್ತಕದಾಗ?”

“ಗದ್ವಾಲಕ್ಕ ಹೇಳೀರೇನ್ರಿ?”

“ನನ್ನ ತುಟಿ ಸುದ್ದೀನ ಹೇಳಿಲ್ಲ, ನಿಂದೇನ್ ಹೇಳ್ಲಿ? ಕೂಡ್ರ, ಎಳಿ ಒಣಗಾಕ ಹತ್ಯಾವ.”

ಕೂತೆ. ಸಂಜೆ ಪುಸ್ತಕ ತೆರೆದು ಎಂಟು ಗೆರೆಗಳನ್ನು ಅಳಿಸಿಹಾಕಿದೆ. ಫೋನಿನ ಎರಡನ್ನು, ಪೂರ್ತಿ ನಂಬಿಕೆ ಬಾರದೆ, ಹಾಗೇ ಬಿಟ್ಟೆ. ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಮಗ್ಗದ ಬಳಿ ಅತ್ತಿಗೆ ಎರಡೂ ಬಟ್ಟಲು ತುಂಬಿಟ್ಟಿದ್ದರು.